ಕಾಲಿನ್ ಮೆಕೆಂಜಿ

ಕರ್ನಲ್ ಕಾಲಿನ್ ಮೆಕೆಂಜಿ (1754 – 8 ಮೇ 1821) ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸೇನೆಯ ಎಂಜಿನಿಯರ್, ಭೂಮಾಪಕ ಹಾಗೂ ಭಾರತದ ಮೊದಲ ಸರ್ವೇಯರ್ ಜನರಲ್. ಟಿಪ್ಪು ಸುಲ್ತಾನನ ಪತನಾನಂತರ ಮೈಸೂರು ಸೀಮೆಯ ನಕ್ಷೆಯನ್ನು ಸಿದ್ಧಪಡಿಸಿದವರು ಇವರು. ಆದರೆ ಕನ್ನಡನಾಡು ಇವರನ್ನು ಸ್ಮರಿಸುವುದು ನಕ್ಷೆಗಿಂತ ಹೆಚ್ಚಾಗಿ, ಅಳತೆಯ ಕೆಲಸದ ನಡುವೆ ಸಂಗ್ರಹಗೊಂಡ ಕೈಫಿಯತ್ತುಗಳಿಗಾಗಿ.

ಆರಂಭಿಕ ಜೀವನ

ಮೆಕೆಂಜಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟಾರ್ನೊವೇ ಪಟ್ಟಣದಲ್ಲಿ ಜನಿಸಿದರು. ಅಲ್ಲಿಯ ಸುಂಕದ ಕಚೇರಿಯಲ್ಲಿ ಕೆಲಕಾಲ ಉದ್ಯೋಗದಲ್ಲಿದ್ದರು. ಲಾಗರಿದಮ್ ಗಣಿತವನ್ನು ರೂಪಿಸಿದ ಜಾನ್ ನೇಪಿಯರನ ಜೀವನಚರಿತ್ರೆಗಾಗಿ ಹಿಂದೂ ಗಣಿತದ ಬಗೆಗೆ ವಿಷಯ ಕಲೆಹಾಕತೊಡಗಿದ್ದೇ ಅವರನ್ನು ಭಾರತದತ್ತ ಸೆಳೆಯಿತು. 1783ರಲ್ಲಿ ಮದ್ರಾಸಿಗೆ ಬಂದಿಳಿದಾಗ ಅವರ ವಯಸ್ಸು ಮೂವತ್ತರ ಸಮೀಪದಲ್ಲಿತ್ತು. ಸೈನ್ಯಕ್ಕೆ ಹೊಸದಾಗಿ ಸೇರುವವರಿಗೆ ಅದು ತಡವಾದ ವಯಸ್ಸೇ ಸರಿ. 1792 ಮತ್ತು 1799ರ ಶ್ರೀರಂಗಪಟ್ಟಣದ ಮುತ್ತಿಗೆಗಳೆರಡರಲ್ಲೂ ಅವರು ಸೇವೆ ಸಲ್ಲಿಸಿದರು. 1799ರ ಕೊನೆಯಲ್ಲಿ ಹಂಪಿಯ ಅವಶೇಷಗಳನ್ನು ಅಳೆದು ಅದರ ಮೊದಲ ಸರ್ವೆ ನಕ್ಷೆಯನ್ನು ರಚಿಸಿದರು.

ಮೈಸೂರು ಸರ್ವೆ

ಟಿಪ್ಪುವಿನ ರಾಜ್ಯ ಹಂಚಿಹೋದಾಗ ಕುಮಟಾ, ಹೊನ್ನಾವರ, ಭಟ್ಕಳಗಳನ್ನೊಳಗೊಂಡ ಕೆನರಾ ಕರಾವಳಿ ನೇರವಾಗಿ ಕಂಪನಿಯ ಕೈಸೇರಿತು. ಘಟ್ಟದ ಮೇಲಿನ ಮೈಸೂರು ಒಡೆಯರಿಗೆ ಮರಳಿತು. ಹೊಸ ಗಡಿಗಳನ್ನು ಗುರುತಿಸಿ ಇಡೀ ಸೀಮೆಯ ನಕ್ಷೆ ಬರೆಯುವ ಹೊಣೆ ಮೆಕೆಂಜಿಯವರದಾಯಿತು. ವಿಮಾನವಾಗಲಿ ಛಾಯಾಚಿತ್ರವಾಗಲಿ ಇಲ್ಲದ ಕಾಲ. ನೆಲದ ಮೇಲೆ ಸರಪಣಿಯಿಂದ ಆಧಾರರೇಖೆಯನ್ನು ಅಳೆದು, ಬೆಟ್ಟಗಳ ನೆತ್ತಿಯಿಂದ ಥಿಯೋಡೊಲೈಟ್ ಮೂಲಕ ಕೋನಗಳನ್ನು ಹಿಡಿದು, ತ್ರಿಕೋನಗಳ ಜಾಲ ಹೆಣೆದು, ಅದರೊಳಗೆ ಊರು, ಕೆರೆ, ಹಾದಿಗಳನ್ನು ತುಂಬಬೇಕಾಗಿತ್ತು. ಮದ್ರಾಸಿನ ಸರ್ವೆ ಶಾಲೆಯಲ್ಲಿ ಕಲಿತ ಹುಡುಗರು ಇದರಲ್ಲಿ ದುಡಿದರು. ಕಾಡುಜ್ವರ ಸಿಬ್ಬಂದಿಯನ್ನು ಮತ್ತೆಮತ್ತೆ ಕಾಡಿತು. ಮುಖ್ಯ ಸಹಾಯಕ ಜಾನ್ ಮಾದರ್ ಅನಾರೋಗ್ಯದಿಂದ ಕೆಲಸ ಬಿಡಬೇಕಾಯಿತು. ಇದರ ಮೇಲೆ ಕಂಪನಿಯ ನಿರ್ದೇಶಕರು ವೆಚ್ಚವನ್ನೂ ಕಡಿತಗೊಳಿಸಿದರು. ಹಾಗಿದ್ದರೂ ಸುಮಾರು 40,000 ಚದರ ಮೈಲಿಗಳ ಅಳತೆ ಆ ದಶಕದೊಳಗೆ ಮುಗಿಯಿತು.

ಕೈಫಿಯತ್ತುಗಳು ಮತ್ತು ಸಹಾಯಕರು

ಅಳತೆಯ ಜೊತೆಜೊತೆಗೆ ಊರೂರಿನ ಶಾಸನ, ನಾಣ್ಯ, ಓಲೆಗರಿ, ಸ್ಥಳೇತಿಹಾಸಗಳ ಸಂಗ್ರಹವೂ ನಡೆಯಿತು. ಇದಕ್ಕಾಗಿ ಮೆಕೆಂಜಿ ತಮ್ಮ ಸ್ವಂತ ಹಣವನ್ನು ಧಾರಾಳವಾಗಿ ವ್ಯಯಿಸಿದರು. ಆದರೆ ಅವರಿಗೆ ದೇಶಭಾಷೆಗಳ ಪರಿಚಯವಿರಲಿಲ್ಲ. ಜನರ ಬಳಿ ಕುಳಿತು ಕೇಳಿ ಬರೆಸಿಕೊಂಡವರು ಕಾವಲಿ ವೆಂಕಟ ಬೋರಯ್ಯ, ಅವನ ಸೋದರ ಲಕ್ಷ್ಮಯ್ಯ ಮೊದಲಾದ ಸಹಾಯಕರು. ಹಳಗನ್ನಡ ಲಿಪಿಯ ಶಾಸನಗಳನ್ನು ಓದುವ ದಾರಿ ತೋರಿದವನು ಬೋರಯ್ಯನೇ. 1803ರಲ್ಲಿ ಅವನು ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡನು. ಜೈನ ಪಂಡಿತ ದೇವಚಂದ್ರನು ಮುಂದೆ ರಾಜಾವಳಿ ಕಥೆಯನ್ನು ರಚಿಸಲು ಮೆಕೆಂಜಿಯವರ ಪ್ರೇರಣೆಯೇ ಕಾರಣವಾಯಿತು.

ಕೈಫಿಯತ್ತುಗಳಲ್ಲಿ ಐತಿಹ್ಯ, ವಂಶಾವಳಿ, ಮಾನ್ಯದ ಹಕ್ಕುಸಾಧನೆ ಎಲ್ಲವೂ ಬೆರೆತಿವೆ. ಹೊಸ ಸರ್ಕಾರದ ಎದುರು ತಮ್ಮ ಭೂಮಿಕಾಣಿಗಳನ್ನು ಉಳಿಸಿಕೊಳ್ಳುವ ತವಕವೂ ಹೇಳಿದವರಲ್ಲಿತ್ತು. ಆದುದರಿಂದ ಅವುಗಳನ್ನು ಶಾಸನಗಳೊಡನೆ ತಾಳೆ ನೋಡದೆ ಇತಿಹಾಸವೆಂದು ಸ್ವೀಕರಿಸಲಾಗದು.

ಕೊನೆಯ ವರ್ಷಗಳು

1811ರಿಂದ 1813ರವರೆಗೆ ಮೆಕೆಂಜಿ ಜಾವಾದಲ್ಲಿದ್ದರು. ಅಲ್ಲಿಯೇ ಪೆಟ್ರೊನೆಲ್ಲಾ ಬಾರ್ಟೆಲ್ಸ್ ಅವರನ್ನು ವಿವಾಹವಾದರು. 1815ರಲ್ಲಿ ಭಾರತದ ಸರ್ವೇಯರ್ ಜನರಲ್ ಆಗಿ ನೇಮಕಗೊಂಡರು. 1816ರಲ್ಲಿ ಥಾಮಸ್ ಹಿಕಿ ಬರೆದ ವರ್ಣಚಿತ್ರದಲ್ಲಿ ಅವರು ಮೂವರು ಭಾರತೀಯ ಸಹಾಯಕರೊಡನೆ ನಿಂತಿದ್ದಾರೆ. ಹಿನ್ನೆಲೆಯ ಬೆಟ್ಟದ ಮೇಲಿರುವುದು ಕಾರ್ಕಳದ ಗೊಮ್ಮಟನೆಂದು ಗುರುತಿಸಲಾಗಿದೆ.

ಮೆಕೆಂಜಿ ಕಲ್ಕತ್ತೆಯ ಸಮೀಪ ನಿಧನರಾದರು. 1,568 ಹಸ್ತಪ್ರತಿಗಳು ಮತ್ತು 8,000ಕ್ಕೂ ಹೆಚ್ಚು ಶಾಸನ ಪ್ರತಿಗಳಿದ್ದ ಸಂಗ್ರಹವನ್ನು ಸರ್ಕಾರ ಅವರ ಪತ್ನಿಯಿಂದ 10,000 ಪೌಂಡುಗಳಿಗೆ ಕೊಂಡಿತು. 1828ರಲ್ಲಿ ಎಚ್. ಎಚ್. ವಿಲ್ಸನ್ ಅದರ ಸೂಚಿಯನ್ನು ಪ್ರಕಟಿಸಿದರು. ಕೆಲಸವನ್ನು ತಾನು ಮುಂದುವರಿಸುವೆನೆಂದು ಲಕ್ಷ್ಮಯ್ಯನು ಸಲ್ಲಿಸಿದ ಮನವಿಯನ್ನು 1830ರ ದಶಕದಲ್ಲಿ ತಿರಸ್ಕರಿಸಲಾಯಿತು. ಮೂರು ದಶಕಗಳ ಕಾಲ ಅದೇ ಕೆಲಸ ಮಾಡಿದ್ದವನಿಗೆ ಅದರ ಯೋಗ್ಯತೆಯಿಲ್ಲವೆಂಬ ತೀರ್ಮಾನ ಅನ್ಯಾಯದ್ದೇ ಆಗಿತ್ತು. ದಕ್ಷಿಣದ ಭಾಷೆಗಳ ಹಸ್ತಪ್ರತಿಗಳು ಮದ್ರಾಸಿಗೆ ಮರಳಿದವು. ಕನ್ನಡ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದರು, ಹಂಪಿ ಕನ್ನಡ ವಿಶ್ವವಿದ್ಯಾಲಯ ಅವನ್ನು 1994ರಲ್ಲಿ ಪ್ರಕಟಿಸಿತು.