ಪುರಸಭೆಗೆ ಹೋದ ಮೇಷ್ಟ್ರು: ಜ್ಯೋತಿಬಾ ಫುಲೆ

ನಿಮ್ಮ ಧರ್ಮಕೇಂದ್ರದಲ್ಲೂ ಇಂಥವರೊಬ್ಬರು ಇದ್ದಾರು. ಹಗಲು ಶಾಲೆಯಲ್ಲಿ ಪಾಠ, ಸಂಜೆ ಪಂಚಾಯಿತಿಯದೋ ಪುರಸಭೆಯದೋ ಸಭೆ, ನಡುವೆ ನಲ್ಲಿಯಲ್ಲಿ ನೀರು ಬಂದಿಲ್ಲ, ಚರಂಡಿ ಕಟ್ಟಿಕೊಂಡಿದೆ ಎಂದು ಬಾಗಿಲು ತಟ್ಟುವ ಜನ. ಮನೆ ಸೇರುವಷ್ಟರಲ್ಲಿ ಮಕ್ಕಳು ಮಲಗಿರುತ್ತವೆ. ಹೆಂಡತಿ ಅನ್ನ ಮುಚ್ಚಿಟ್ಟು ಕಾದಿರುತ್ತಾಳೆ. ಕೇಳಿ ನೋಡಿ, ಮೂರರಲ್ಲಿ ಒಂದಕ್ಕೂ ಸರಿಯಾಗಿ ನ್ಯಾಯ ಸಲ್ಲಿಸಲಿಲ್ಲವಲ್ಲ ಎಂದು ಒಳಗೊಳಗೇ ಕೊರಗುತ್ತಾರೆ. ಅಂಥವರು ನಮ್ಮ ನಡುವೆ ಕಡಿಮೆಯೇನಿಲ್ಲ. ಅವರನ್ನೂ ಅವರ ಮನೆಯವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ವಾರ ಪುಣೆಯ ಜ್ಯೋತಿಬಾ ಫುಲೆಯವರ ಬಾಳನ್ನು ನಿಮ್ಮ ಮುಂದಿಡುತ್ತಿದ್ದೇನೆ. ಸಮಾಜ ಸುಧಾರಕರೆಂದು ಅವರ ಹೆಸರು ನಿಮಗೆ ಗೊತ್ತು. ಪುರಸಭೆಯ ಸದಸ್ಯರಾಗಿದ್ದರೆಂಬುದು ಅಷ್ಟಾಗಿ ಗೊತ್ತಿರಲಿಕ್ಕಿಲ್ಲ.

ಜ್ಯೋತಿಬಾ ಹುಟ್ಟಿದ್ದು 1827ರಲ್ಲಿ, ಮಾಳಿ ಜಾತಿಯ ಮನೆಯಲ್ಲಿ. ಹೂವು ತರಕಾರಿ ಬೆಳೆದು ಮಾರುವುದು ಕುಲದ ಕಸುಬು. ಪೇಶ್ವೆಯವರ ಅರಮನೆಗೆ ಹೂವು ಒದಗಿಸುತ್ತಿದ್ದುದರಿಂದಲೇ ಫುಲೆ ಎಂಬ ಹೆಸರು ಬಂತು. ಹಸುಗೂಸಾಗಿದ್ದಾಗಲೇ ತಾಯಿ ಚಿಮಣಾಬಾಯಿ ತೀರಿಕೊಂಡರು. ಸಾಕಿದವರು ವಿಧವೆಯಾಗಿದ್ದ ಬಂಧು ಸಗುಣಾಬಾಯಿ. ಆಕೆ ಪಾದ್ರಿಯೊಬ್ಬರ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡಿದವರು, ಓದಿನ ಬೆಲೆ ಬಲ್ಲವರು. ತಂದೆ ಗೋವಿಂದರಾಯರು ಜನರ ಮಾತು ಕೇಳಿ ಹುಡುಗನನ್ನು ಶಾಲೆ ಬಿಡಿಸಿ ಹೊಲಕ್ಕೆ ಹಚ್ಚಿದ್ದರು. ನೆರೆಯ ಪಾರಸಿ ಭಾಷೆಯ ಮುನ್ಷಿ ಗಫಾರ್ ಬೇಗ್ ಮತ್ತು ಲಿಜಿಟ್ ಎಂಬ ಕ್ರೈಸ್ತ ಸಜ್ಜನರು ಒತ್ತಾಯ ಮಾಡಿದ ಮೇಲೆ 1841ರಲ್ಲಿ ಸ್ಕಾಟಿಷ್ ಮಿಶನ್ ಶಾಲೆಗೆ ಸೇರಿಸಿದರು. ಹೀಗೆ ಮುಸಲ್ಮಾನರೊಬ್ಬರು, ಕ್ರೈಸ್ತರೊಬ್ಬರು ಮತ್ತು ಹಿಂದೂ ವಿಧವೆಯೊಬ್ಬರು ಸೇರಿ ಈ ಹುಡುಗನಿಗೆ ಅಕ್ಷರದ ದಾರಿ ತೋರಿದರು. ಆ ವೇಳೆಗಾಗಲೇ ಅವನಿಗೆ ಮದುವೆಯಾಗಿತ್ತು. 1840ರಲ್ಲಿ ಅವನಿಗೆ ಹದಿಮೂರು, ನಾಯಗಾಂವದ ಸಾವಿತ್ರಿಗೆ ಒಂಬತ್ತು.

1848ರಲ್ಲಿ ಬ್ರಾಹ್ಮಣ ಗೆಳೆಯನ ಮದುವೆಯ ಮೆರವಣಿಗೆಯಲ್ಲಿ ಜಾತಿಯ ಹೆಸರು ಹಿಡಿದು ಅವರನ್ನು ಅವಮಾನಿಸಿದ ಸಂಗತಿ ಪಠ್ಯಪುಸ್ತಕಗಳಲ್ಲೂ ಬಂದಿದೆ. ನಮಗೆ ಮುಖ್ಯವಾದುದು ಅದೇ ವರ್ಷ ಅವರು ಮಾಡಿದ ಕೆಲಸ. ಭಿಡೆವಾಡಾದಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದರು. ಪಾಠ ಹೇಳುವವರು ಯಾರು? ಹೆಣ್ಣುಮಕ್ಕಳಿಗೆ ಕಲಿಸಲು ಹೆಂಗಸರೇ ಬೇಕು. ಓದು ಬಲ್ಲ ಹೆಂಗಸರು ಆಗ ಎಲ್ಲಿದ್ದರು? ಜ್ಯೋತಿಬಾ ಮೊದಲು ತಮ್ಮ ಹೆಂಡತಿಗೇ ಅಕ್ಷರ ಕಲಿಸಿದರು. ಸಾವಿತ್ರಿಬಾಯಿ ಶಿಕ್ಷಕಿಯಾದದ್ದು ಹಾಗೆ. ಆಕೆ ಶಾಲೆಗೆ ನಡೆದುಹೋಗುವಾಗ ಕೆಸರು, ಸಗಣಿ ಎರಚುತ್ತಿದ್ದರೆಂದೂ, ಬದಲಿಗೆ ಉಡಲು ಇನ್ನೊಂದು ಸೀರೆಯನ್ನು ಜೊತೆಗೆ ಒಯ್ಯುತ್ತಿದ್ದರೆಂದೂ ಹೇಳುತ್ತಾರೆ.

ಶಾಲೆ ಮನೆಯನ್ನು ಒಡೆಯಿತು. ಊರಿನವರ ಕಾಟ ತಡೆಯಲಾರದೆ ಗೋವಿಂದರಾಯರು 1849ರಲ್ಲಿ ಮಗನ ಮುಂದೆ ಎರಡೇ ದಾರಿ ಇಟ್ಟರು: ಶಾಲೆ ಬಿಡು, ಇಲ್ಲವೇ ಮನೆ ಬಿಡು. ತಂದೆ ಕೆಟ್ಟವರೇನಲ್ಲ. ಜಾತಿಯವರ ನಡುವೆ ಬದುಕಬೇಕಾದ ಮುದುಕ. ಗಂಡ ಹೆಂಡಿರು ಮನೆ ಬಿಟ್ಟರು. ಆಶ್ರಯ ಕೊಟ್ಟವರು ಗೆಳೆಯ ಉಸ್ಮಾನ್ ಶೇಖ್. ಆ ಮನೆಯ ಫಾತಿಮಾ ಶೇಖ್ ಕೂಡ ಸಾವಿತ್ರಿಬಾಯಿಯವರ ಜೊತೆ ಶಿಕ್ಷಕಿಯಾದರು. ಸಂಸಾರವನ್ನು ಕಾಪಾಡಲು ಶಾಲೆಯನ್ನು ಬಿಟ್ಟಿದ್ದರೆ ಯಾರೂ ಅವರನ್ನು ದೂರುತ್ತಿರಲಿಲ್ಲ. ಇಂಥ ಸಂದರ್ಭದಲ್ಲಿ ಬಹುತೇಕ ನಾವೆಲ್ಲ ಹಾಗೆಯೇ ಮಾಡುತ್ತೇವೆ. ಆದರೆ ಇಲ್ಲಿ ಹೊರಗೆ ನಡೆದವರು ಇಬ್ಬರು, ಒಬ್ಬರಲ್ಲ. ಅವರ ಮುಂದಿನ ಬದುಕೆಲ್ಲ ತಿಳಿಯುವುದು ಈ ಒಂದು ಸಂಗತಿಯಿಂದ.

1851, 1852ರಲ್ಲಿ ಇನ್ನೂ ಮೂರು ಶಾಲೆಗಳು ತೆರೆದವು. 1852ರ ನವೆಂಬರಿನಲ್ಲಿ ಸರ್ಕಾರವೇ ವಿಶ್ರಾಮಬಾಗ್ ವಾಡಾದಲ್ಲಿ ಜ್ಯೋತಿಬಾರಿಗೆ ಶಾಲು ಹೊದಿಸಿ ಗೌರವಿಸಿತು. 1855ರಲ್ಲಿ ದುಡಿಯುವ ಗಂಡಸರು ಹೆಂಗಸರಿಗಾಗಿ ರಾತ್ರಿ ಶಾಲೆ ಆರಂಭವಾಯಿತು. ಹಗಲೆಲ್ಲ ಕೆಲಸ ಮಾಡಿ ಬಂದವರಿಗೆ ಗಂಡ ಹೆಂಡಿರಿಬ್ಬರೂ ಕಲಿಸುತ್ತಿದ್ದರು. ಜ್ಯೋತಿಬಾ ಕೆಲವು ವರ್ಷ ಮಿಶನ್ನಿನ ಹೆಣ್ಣುಮಕ್ಕಳ ವಸತಿ ಶಾಲೆಯಲ್ಲೂ ಪಾಠ ಹೇಳಿದರು. ಮುಂದೆ ಕಲ್ಲು ಸುಣ್ಣ ಒದಗಿಸುವ, ಕಟ್ಟಡ ಕಟ್ಟಿಸುವ ಗುತ್ತಿಗೆ ಹಿಡಿದರು. ಮಾಂಜರಿಯಲ್ಲಿ ಬೇಸಾಯವನ್ನೂ ಮಾಡಿದರು. ದುಡಿದದ್ದರಲ್ಲಿ ಹೆಚ್ಚಿನದು ಜನರ ಕೆಲಸಕ್ಕೇ ಹೋಯಿತು. ಹಣ ಬಂದರೂ ಮನೆಯ ಬದುಕು ಸಾದಾ ಆಗಿಯೇ ಉಳಿಯಿತು.

ಅವರಿಗೆ ಮಕ್ಕಳಾಗಲಿಲ್ಲ. ಇನ್ನೊಂದು ಮದುವೆಯಾಗು ಎಂದು ಬಂಧುಗಳು ಬೆನ್ನು ಹತ್ತಿದರು. ಆಗಿನ ಕಾಲದಲ್ಲಿ ಅದು ತಪ್ಪೆಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ಕೊರತೆ ತನ್ನಲ್ಲೇ ಇದ್ದರೆ ಆಗ ಹೆಂಡತಿಗೆ ಇನ್ನೊಬ್ಬ ಗಂಡನನ್ನು ತಂದುಕೊಡುತ್ತೀರಾ ಎಂದು ಜ್ಯೋತಿಬಾ ಮರುಪ್ರಶ್ನೆ ಹಾಕಿದರಂತೆ. ಮದುವೆಯೆಂದರೆ ಇಬ್ಬರ ಒಡಂಬಡಿಕೆ, ಒಬ್ಬರ ಅನುಕೂಲವಲ್ಲ ಎಂದು ವಿವಾಹ ಸಂಸ್ಕಾರದ ತರಗತಿಗಳಲ್ಲಿ ನಾವು ಕೇಳಿದ್ದೇವೆ. ಅಂಥ ತರಗತಿಗೆ ಎಂದೂ ಹೋಗದ ಈ ಮನುಷ್ಯ ಹದಿಮೂರನೆಯ ವಯಸ್ಸಿನಲ್ಲಿ ತನಗೆ ಕಟ್ಟಿದ ಮದುವೆಯನ್ನು ಹಾಗೆ ನಡೆಸಿಕೊಂಡು ಬಂದರು.

ಮಕ್ಕಳಿಲ್ಲದ ಆ ಮನೆಯಲ್ಲೇ 1863ರಲ್ಲಿ ಶಿಶುಹತ್ಯೆ ತಡೆಯುವ ಆಶ್ರಮ ತೆರೆಯಿತು. ಚಿಕ್ಕ ವಯಸ್ಸಿನಲ್ಲೇ ವಿಧವೆಯರಾಗಿ, ಯಾರದೋ ವಂಚನೆಗೆ ಸಿಕ್ಕಿ ಬಸಿರಾದ ಹೆಣ್ಣುಮಕ್ಕಳಿಗೆ ಆಗ ಉಳಿದಿದ್ದುದು ಬಾವಿ, ಇಲ್ಲವೇ ಕೂಸಿನ ಕತ್ತು ಹಿಸುಕುವ ದಾರಿ. ಗುಟ್ಟಾಗಿ ಬಂದು ಹೆತ್ತುಕೊಂಡು ಹೋಗಿ, ಕೂಸನ್ನು ನಾವು ಸಾಕುತ್ತೇವೆ ಎಂಬ ಭಿತ್ತಿಪತ್ರಗಳು ಊರಿನ ಗೋಡೆಗಳಲ್ಲಿ ಕಾಣಿಸಿಕೊಂಡವು. 1884ರ ಹೊತ್ತಿಗೆ ಅಲ್ಲಿಗೆ ಬಂದಿದ್ದವರು 35 ಮಂದಿ. ಬಾಣಂತನ ನೋಡಿದವರು, ಕೂಸುಗಳನ್ನು ಎತ್ತಿಕೊಂಡವರು ಸಾವಿತ್ರಿಬಾಯಿ. ಬ್ರಾಹ್ಮಣ ವಿಧವೆ ಕಾಶಿಬಾಯಿಯ ಕೂಸನ್ನು 1874ರಲ್ಲಿ ದಂಪತಿಗಳು ತಮ್ಮ ಮಗನಾಗಿಯೇ ತೆಗೆದುಕೊಂಡರು. ಅವನೇ ಯಶವಂತ. ಗರ್ಭದಲ್ಲಿರುವ ಜೀವದ ಬಗ್ಗೆ ನಾವು ಬಹಳ ಮಾತಾಡುತ್ತೇವೆ, ಆಡಲೇಬೇಕು. ಅದನ್ನು ಹೊತ್ತ ತಾಯಿಗೆ ಬಾಗಿಲು ತೆರೆಯುವ ಮನೆಗಳು ನಮ್ಮ ಬೀದಿಯಲ್ಲಿ ಎಷ್ಟಿವೆ ಎಂದು ಎಣಿಸಿ ನೋಡಿದರೆ ನನಗಂತೂ ನಾಚಿಕೆಯಾಗುತ್ತದೆ.

ಕೂಸು ಇನ್ನೂ ಚಿಕ್ಕದಿರುವಾಗಲೇ, 1876ರಲ್ಲಿ, ಸರ್ಕಾರ ಜ್ಯೋತಿಬಾರನ್ನು ಪುಣೆಯ ಪುರಸಭೆಗೆ ಸದಸ್ಯರನ್ನಾಗಿ ನೇಮಿಸಿತು. ಸುಮಾರು ಆರು ವರ್ಷ ಅಲ್ಲಿದ್ದರು. ಅದೇ ಹೊತ್ತಿಗೆ ದಕ್ಕನ್ನಿನಲ್ಲಿ ಭೀಕರ ಬರ ಬಿತ್ತು. ಸಾವಿತ್ರಿಬಾಯಿ ಜುನ್ನರದ ಕಡೆ ಪರಿಹಾರದ ಕೆಲಸಕ್ಕೆ ಹೋದರು. ಅಲ್ಲಿನ ಸ್ಥಿತಿಯನ್ನು ಗಂಡನಿಗೆ ಪತ್ರ ಬರೆದು ತಿಳಿಸುತ್ತಿದ್ದರು. ಇತ್ತ ಜ್ಯೋತಿಬಾ 1873ರಲ್ಲಿ ತಾವು ಕಟ್ಟಿದ್ದ ಸತ್ಯಶೋಧಕ ಸಮಾಜದ ಪರವಾಗಿ ಧನಕವಡಿಯಲ್ಲಿ ಬರಪೀಡಿತ ಮಕ್ಕಳಿಗೆ ಊಟದ ಶಿಬಿರ ನಡೆಸಲು ಜನರಲ್ಲಿ ನೆರವು ಬೇಡಿದರು. ಗಂಡನೊಂದು ಕಡೆ, ಹೆಂಡತಿಯೊಂದು ಕಡೆ. ಒಲೆಯ ಮುಂದೆ ಒಟ್ಟಿಗೆ ಕೂರುವುದೇ ಸಂಸಾರವೆನ್ನುವುದಾದರೆ ಅವರ ಸಂಸಾರ ಆ ದಿನಗಳಲ್ಲಿ ಸೊರಗಿತ್ತು ಎನ್ನಬೇಕು.

ಪುರಸಭೆಯಲ್ಲಿ ಅವರು ಹೇಗಿದ್ದರು? ನೇಮಕದ ಸದಸ್ಯರೆಂದರೆ ಸರ್ಕಾರದ ಋಣದಲ್ಲಿದ್ದವರು, ತಲೆಯಾಡಿಸುವುದು ವಾಡಿಕೆ. ವೈಸರಾಯ್ ಲಾರ್ಡ್ ಲಿಟ್ಟನ್ ಪುಣೆಗೆ ಬರುವುದಿತ್ತು. ಊರನ್ನು ಸಿಂಗರಿಸಲು ಸಾವಿರ ರೂಪಾಯಿ ಖರ್ಚು ಮಾಡಬೇಕೆಂಬ ಸೂಚನೆ ಬಂತು. ನೇಮಕಗೊಂಡ 32 ಸದಸ್ಯರಲ್ಲಿ ಅದಕ್ಕೆ ವಿರುದ್ಧವಾಗಿ ಮತ ಹಾಕಿದವರು ಜ್ಯೋತಿಬಾ ಒಬ್ಬರೇ. ಆ ಹಣ ಬಡವರ ಮಕ್ಕಳ ಓದಿಗೆ ಹೋಗಲಿ ಎಂಬುದು ಅವರ ವಾದ. ಸೋತರು. 1880ರ ಜುಲೈನಲ್ಲಿ ಊರಿನಲ್ಲಿ ಹೆಚ್ಚುತ್ತಿದ್ದ ಹೆಂಡದ ಅಂಗಡಿಗಳ ವಿರುದ್ಧ ಪುರಸಭೆಗೆ ಪತ್ರ ಬರೆದರು. ಜನರ ಆರೋಗ್ಯಕ್ಕೆಂದು ಖರ್ಚು ಮಾಡುವ ಪುರಸಭೆ ಮನೆಗಳನ್ನೇ ಹಾಳುಮಾಡುವ ಈ ಅಂಗಡಿಗಳನ್ನು ಕಂಡೂ ಸುಮ್ಮನಿರುವುದು ಹೇಗೆ ಎಂಬುದು ಅವರ ಆಕ್ಷೇಪ. ಕುಡುಕನ ಮನೆಯ ಮಕ್ಕಳು ರಾತ್ರಿ ಶಾಲೆಗೆ ಯಾವ ಮುಖ ಹೊತ್ತು ಬರುತ್ತವೆಂದು ಮೇಷ್ಟ್ರಿಗೆ ಗೊತ್ತಿರುತ್ತದೆ.

ದೊಡ್ಡ ಜಗಳವಾದದ್ದು ಮಾರುಕಟ್ಟೆಯ ವಿಷಯಕ್ಕೆ. ಪುರಸಭೆ ಲಕ್ಷಗಟ್ಟಲೆ ರೂಪಾಯಿ ಸುರಿದು ಭವ್ಯವಾದ ಮಾರುಕಟ್ಟೆ ಕಟ್ಟಲು ಹೊರಟಿತು. ನೆನಪಿಡಿ, ಇವರು ತರಕಾರಿ ಮಾರುವ ಕುಲದವರು, ಸ್ವತಃ ಬೆಳೆಗಾರರು, ಮೇಲಾಗಿ ಕಟ್ಟಡದ ಗುತ್ತಿಗೆದಾರರು. ಮೂರು ಕಡೆಯಿಂದಲೂ ಲಾಭ. ಆದರೂ ಅಷ್ಟು ಹಣವಿದ್ದರೆ ಮೊದಲು ಶಾಲೆ ಕಟ್ಟಿ ಎಂದು ವಿರೋಧಿಸಿದರು. ಇಲ್ಲೂ ಸೋತರು. 1886ರಲ್ಲಿ ಗವರ್ನರ್ ಲಾರ್ಡ್ ರೇ ಹೆಸರಿನಲ್ಲಿ ಮಾರುಕಟ್ಟೆ ತೆರೆಯಿತು. ಈಗ ನೀವು ಪುಣೆಗೆ ಹೋದರೆ ಆ ಕಲ್ಲಿನ ಕಟ್ಟಡವನ್ನು ನೋಡಬಹುದು. ಅದರ ಇಂದಿನ ಹೆಸರು ಮಹಾತ್ಮ ಫುಲೆ ಮಂಡಈ! ಯಾವ ಕಟ್ಟಡ ಬೇಡವೆಂದರೋ ಅದಕ್ಕೇ ಅವರ ಹೆಸರಿಟ್ಟು ಊರು ಅವರನ್ನು ಗೌರವಿಸಿತು.

1882ರ ಅಕ್ಟೋಬರ್ 19ರಂದು ಅವರು ಹಂಟರ್ ಶಿಕ್ಷಣ ಆಯೋಗಕ್ಕೆ ಒಂದು ನಿವೇದನೆ ಕೊಟ್ಟರು. ಕೆಳಗೆ ತಮ್ಮನ್ನು ವ್ಯಾಪಾರಿ, ಬೇಸಾಯಗಾರ ಮತ್ತು ಪುರಸಭೆಯ ಸದಸ್ಯ ಎಂದು ಬರೆದುಕೊಂಡಿದ್ದಾರೆ. ಹನ್ನೆರಡು ವರ್ಷದವರೆಗಾದರೂ ಎಲ್ಲ ಮಕ್ಕಳಿಗೂ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಗಲಿ, ಶಿಕ್ಷಕರಿಗೆ ತಿಂಗಳಿಗೆ ಹನ್ನೆರಡು ರೂಪಾಯಿಗೆ ಕಡಿಮೆಯಿಲ್ಲದ ಸಂಬಳ ಸಿಗಲಿ, ಶಿಕ್ಷಕರು ಆದಷ್ಟೂ ರೈತಾಪಿ ವರ್ಗದಿಂದ ಬರಲಿ ಎಂದು ಕೇಳಿದರು. ದೊಡ್ಡ ಊರುಗಳ ಪುರಸಭೆಗಳು ಶಾಲೆಗಳ ಖರ್ಚು ಹೊರಲಿ, ಆದರೆ ಶಾಲೆಗಳನ್ನು ಪೂರ್ತಿ ಅವುಗಳ ಕೈಗೆ ಕೊಡಬೇಡಿ ಎಂದೂ ಬರೆದರು. ಒಳಗಿದ್ದು ನೋಡಿದವರ ಮಾತು ಅದು! ಅದೇ ನಿವೇದನೆಯಲ್ಲಿ ತಮ್ಮ ಮೊದಲ ಶಾಲೆಯ ಪ್ರಸ್ತಾಪ ಬಂದಾಗ, ಅಲ್ಲಿ ತಾವೂ ತಮ್ಮ ಹೆಂಡತಿಯೂ ಬಹಳ ವರ್ಷ ಕೂಡಿ ದುಡಿದೆವು ಎಂದು ದಾಖಲಿಸಿದ್ದಾರೆ. ಸರ್ಕಾರಕ್ಕೆ ಕೊಡುವ ಕಾಗದದಲ್ಲಿ ಹೆಂಡತಿಯ ದುಡಿಮೆಯನ್ನು ಬರೆದಿಡಬೇಕೆಂದು 1882ರಲ್ಲಿ ಇನ್ನೆಷ್ಟು ಗಂಡಸರಿಗೆ ತೋಚಿತ್ತೋ.

ಅವರಲ್ಲಿ ಕೊರತೆಯೇ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಬ್ರಾಹ್ಮಣರ ಬಗ್ಗೆ ಅವರು ಬರೆದುದು ಬಹಳ ಖಾರ, ಕೆಲವು ಕಡೆ ಓದಲು ಕಷ್ಟವಾಗುವಷ್ಟು. ಆದರೆ ಅವರ ಶಾಲೆಗೆ ಜಾಗ ಕೊಟ್ಟವರಲ್ಲಿ ಬ್ರಾಹ್ಮಣರಿದ್ದರು, ಅವರ ಮಗನೂ ಬ್ರಾಹ್ಮಣಿಯ ಹೊಟ್ಟೆಯಲ್ಲಿ ಹುಟ್ಟಿದವನು. ಮಿಶನ್ ಶಾಲೆಯಲ್ಲಿ ಕಲಿತು, ಯೇಸುಸ್ವಾಮಿಯನ್ನು ದೀನರ ಪರ ನಿಂತ ಬಲಿರಾಜನೆಂದು ಕೊಂಡಾಡಿದರೂ ಅವರು ಕ್ರೈಸ್ತರಾಗಲಿಲ್ಲ. ಅವರನ್ನು ನಮ್ಮವರೆಂದು ಹೇಳಿಕೊಳ್ಳುವ ಆಸೆ ನಮಗೆ ಬೇಡ.

1888ರ ಮೇ ತಿಂಗಳಲ್ಲಿ ಮುಂಬಯಿಯ ಜನ ಅವರಿಗೆ ಮಹಾತ್ಮ ಎಂಬ ಬಿರುದು ಕೊಟ್ಟರು. ಎರಡೇ ತಿಂಗಳಲ್ಲಿ ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋಯಿತು. ಎಡಗೈಯಲ್ಲಿ ಬರೆಯಲು ಕಲಿತು ಕೊನೆಯ ಪುಸ್ತಕವನ್ನು ಮುಗಿಸಿದರು. ಕೈಯಲ್ಲಿದ್ದ ಹಣ ಕರಗಿತ್ತು. ಸ್ನೇಹಿತರು ಬರೋಡೆಯ ಮಹಾರಾಜರಲ್ಲಿ ಸಹಾಯ ಕೇಳಬೇಕಾಯಿತು. ಅಂಥ ಸ್ಥಿತಿಯಲ್ಲೂ 1889ರ ಫೆಬ್ರವರಿಯಲ್ಲಿ ಯಶವಂತನ ಮದುವೆ ಮಾಡಿದರು. ಸೊಸೆ ರಾಧೆಯನ್ನು ಮದುವೆಗೆ ಮುಂಚೆಯೇ ಮನೆಗೆ ಕರೆತಂದು ಓದಿಸಿದ್ದರು.

1890ರ ನವೆಂಬರ್ 28ರಂದು ಜ್ಯೋತಿಬಾ ತೀರಿಕೊಂಡರು. ಸುಡಬೇಡಿ, ಉಪ್ಪು ಹಾಕಿ ಹೂಳಿ ಎಂದು ಹೇಳಿ ಮನೆಯ ಹಿಂದೆ ಗುಂಡಿಯನ್ನೂ ತೋಡಿಸಿಟ್ಟಿದ್ದರು. ವಸತಿಯ ಜಾಗವೆಂಬ ಕಾರಣಕ್ಕೆ ಅನುಮತಿ ಸಿಗಲಿಲ್ಲ. ಅನುಮತಿ ನಿರಾಕರಿಸಿದ್ದು ಅದೇ ಪುರಸಭೆ. ಸುಡುವುದೆಂದಾದಾಗ, ಮುಂದೆ ಮಡಕೆ ಹಿಡಿದು ನಡೆಯಲು ದತ್ತುಮಗನಿಗೆ ಹಕ್ಕಿಲ್ಲವೆಂದು ದಾಯಾದಿಗಳು ತಕರಾರು ತೆಗೆದರು. ಸಾವಿತ್ರಿಬಾಯಿ ತಾವೇ ಮಡಕೆ ಎತ್ತಿಕೊಂಡು ಹೆಣದ ಮುಂದೆ ನಡೆದರು.

ಯಶವಂತ ವೈದ್ಯನಾದ. 1897ರಲ್ಲಿ ಪುಣೆಗೆ ಪ್ಲೇಗ್ ಬಂದಾಗ ತಾಯಿ ಮಗ ಸೇರಿ ಊರ ಹೊರಗೆ ರೋಗಿಗಳಿಗಾಗಿ ಚಿಕಿತ್ಸಾಲಯ ನಡೆಸಿದರು. ಮುಂಢವಾದಲ್ಲಿ ದಲಿತ ಹುಡುಗನೊಬ್ಬ ರೋಗದಿಂದ ಬಿದ್ದಿದ್ದಾನೆಂದು ತಿಳಿದು, ಅರವತ್ತಾರರ ಸಾವಿತ್ರಿಬಾಯಿ ಅವನನ್ನು ಬೆನ್ನ ಮೇಲೆ ಹೊತ್ತು ತಂದರು. ಅವರಿಗೂ ರೋಗ ತಗುಲಿತು. ಮಾರ್ಚ್ 10ರಂದು ಅವರು ತೀರಿಕೊಂಡರು.