ದೀಪದ ಆಚೆಗಿನ ನೈಟಿಂಗೇಲ್

ಪ್ರತಿ ವರ್ಷ ಮೇ 12ರಂದು ನಮ್ಮ ಆಸ್ಪತ್ರೆಗಳಲ್ಲಿ ಶುಶ್ರೂಷಕಿಯರ ದಿನಾಚರಣೆ ನಡೆಯುತ್ತದೆ. ಸಮವಸ್ತ್ರ ಧರಿಸಿದ ವಿದ್ಯಾರ್ಥಿನಿಯರು ದೀಪ ಹಿಡಿದು ಪ್ರತಿಜ್ಞೆ ಸ್ವೀಕರಿಸುತ್ತಾರೆ. ಗಣ್ಯರು ತ್ಯಾಗ, ಕರುಣೆ, ಸೇವೆಗಳನ್ನು ಕುರಿತು ಮಾತನಾಡುತ್ತಾರೆ. ಫ್ಲಾರೆನ್ಸ್ ನೈಟಿಂಗೇಲ್ ಅವರ ಭಾವಚಿತ್ರಕ್ಕೆ ಹಾರ ಬೀಳುತ್ತದೆ. ಆ ಪ್ರತಿಜ್ಞೆಯನ್ನು ಬರೆದವರು ನೈಟಿಂಗೇಲ್ ಅಲ್ಲ. ಅದು 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ರಚನೆಯಾದದ್ದು. ಹಾಗೆಯೇ ಆಕೆಯ ಬದುಕಿನ ಮುಖ್ಯ ಸಾಧನೆಯೂ ದೀಪವಲ್ಲ. ರೋಗಿಯ ಆರೈಕೆ ಎಂಬುದು ಕಲಿತು ಮಾಡಬೇಕಾದ ಕೆಲಸ, ಒಮ್ಮೆ ಕಲಿತರೆ ಸಾಲದು, ಕಲಿತದ್ದನ್ನು ಮಂಚದ ಪಕ್ಕದಲ್ಲೇ ನಿಂತು ಪರೀಕ್ಷಿಸಬೇಕು ಎಂಬ ಮೂರು ಮಾತುಗಳನ್ನು ಆಚರಣೆಗೆ ತರಲು ಅವರು ಅರ್ಧ ಶತಮಾನ ದುಡಿದರು. ಆ ಭಾಗ ನಮ್ಮ ಭಾಷಣಗಳಲ್ಲಿ ಬರುವುದು ಅಪರೂಪ.

ಅರ್ಥಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದಾಗ ನಾನು ಆಕೆಯನ್ನು ಕಂಡದ್ದು ಸಂಖ್ಯಾಶಾಸ್ತ್ರದ ಪುಸ್ತಕವೊಂದರಲ್ಲಿ. ದಾದಿಯೊಬ್ಬರಿಗೆ ಅಂಕಿಅಂಶಗಳ ನಡುವೆ ಏನು ಕೆಲಸ ಎಂದು ಆಗ ಅಚ್ಚರಿಪಟ್ಟಿದ್ದೆ. ಮುಂದೆ ಸರ್ಕಾರಿ ಸೇವೆಯಲ್ಲಿ ತರಬೇತಿ ಕಾರ್ಯಕ್ರಮಗಳ ಪ್ರಗತಿ ವರದಿಗಳು ಮೇಜಿನ ಮೇಲೆ ಬರತೊಡಗಿದಾಗ ಆ ಸಂಬಂಧ ಅರ್ಥವಾಯಿತು. ಎಷ್ಟು ಜನ ಹಾಜರಾದರು, ಎಷ್ಟು ಹಣ ವೆಚ್ಚವಾಯಿತು, ಗುರಿಯ ಶೇಕಡಾ ಎಷ್ಟು ಸಾಧನೆಯಾಯಿತು ಎಂಬ ಕಾಲಂಗಳು ಆ ವರದಿಗಳಲ್ಲಿ ಇರುತ್ತಿದ್ದವು. ತರಬೇತಿ ಪಡೆದವರ ಕೈಯಲ್ಲಿ ಕೆಲಸ ಹೇಗೆ ಬದಲಾಯಿತು ಎಂಬ ಕಾಲಂ ಇರುತ್ತಿರಲಿಲ್ಲ. ನೈಟಿಂಗೇಲ್ ತಮ್ಮ ಜೀವಮಾನವಿಡೀ ಕೇಳಿದ್ದು ಆ ಒಂದು ಕಾಲಂ ಅನ್ನು.

ಅವರು 1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ, ಪ್ರವಾಸದಲ್ಲಿದ್ದ ಶ್ರೀಮಂತ ಇಂಗ್ಲಿಷ್ ದಂಪತಿಗೆ ಜನಿಸಿದರು. ಊರಿನ ಹೆಸರೇ ಮಗುವಿನ ಹೆಸರಾಯಿತು. ತಂದೆ ವಿಲಿಯಂ ಮಗಳಿಗೆ ಗ್ರೀಕ್, ಲ್ಯಾಟಿನ್, ಇತಿಹಾಸ, ತತ್ತ್ವಶಾಸ್ತ್ರಗಳನ್ನು ತಾವೇ ಕಲಿಸಿದರು. ಗಣಿತದ ಮೇಲೆ ಆಕೆಗೆ ವಿಶೇಷ ಒಲವು. ಹದಿನಾರನೆಯ ವಯಸ್ಸಿನಲ್ಲಿ ದೇವರು ತನ್ನನ್ನು ಸೇವೆಗೆ ಕರೆದನೆಂಬ ಅನುಭವ ಅವರಿಗಾಯಿತು. ಯಾವ ಸೇವೆ ಎಂಬುದು ಸ್ಪಷ್ಟವಾಗಲು ವರ್ಷಗಳೇ ಬೇಕಾದವು. 1845ರಲ್ಲಿ ಸಮೀಪದ ಸಾಲಿಸ್‌ಬರಿ ಆಸ್ಪತ್ರೆಯಲ್ಲಿ ಕೆಲವು ತಿಂಗಳು ಶುಶ್ರೂಷೆ ಕಲಿಯುವ ಆಸೆಯನ್ನು ಮನೆಯಲ್ಲಿ ತೋಡಿಕೊಂಡಾಗ ತಾಯಿ, ಅಕ್ಕ ಇಬ್ಬರೂ ಹೌಹಾರಿದರು.

ಅವರ ಆತಂಕಕ್ಕೆ ಕಾರಣವಿತ್ತು. ಅಂದಿನ ಇಂಗ್ಲೆಂಡಿನಲ್ಲಿ ಆಸ್ಪತ್ರೆಯ ದಾದಿ ಎಂದರೆ ಬೇರೆ ಕೆಲಸ ಸಿಗದ, ಓದುಬರಹ ಬಾರದ, ಕುಡಿತದ ಅಪವಾದ ಹೊತ್ತ ಹೆಂಗಸು ಎಂಬ ಭಾವನೆ ಇತ್ತು. ಆ ಕೆಲಸಕ್ಕೆ ಕಲಿಕೆ ಬೇಕೆಂದು ಯಾರೂ ಭಾವಿಸಿರಲಿಲ್ಲ. ಹೆಣ್ಣಿಗೆ ಆರೈಕೆ ಹುಟ್ಟಿನಿಂದಲೇ ಬರುತ್ತದೆ, ಅದನ್ನು ಕಲಿಸುವುದೇನಿದೆ ಎಂಬುದು ಸಭ್ಯ ಸಮಾಜದ ನಿಲುವಾಗಿತ್ತು. ನೈಟಿಂಗೇಲ್ ಒಪ್ಪದೆ ಹೋದದ್ದು ಇದನ್ನೇ. ಮನೆಯವರ ಕಣ್ಣುತಪ್ಪಿಸಿ, ಬೆಳಗಿನ ಜಾವ ಎದ್ದು ಆಸ್ಪತ್ರೆಗಳ ವರದಿಗಳನ್ನು ಓದಿ ಟಿಪ್ಪಣಿ ಮಾಡಿಕೊಂಡರು. ಬಹುಕಾಲ ಕಾದಿದ್ದ ಯೋಗ್ಯ ವರನನ್ನು ನಿರಾಕರಿಸಿದರು. ಕೊನೆಗೆ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಪಾದ್ರಿ ಫ್ಲೀಡ್ನರ್ ನಡೆಸುತ್ತಿದ್ದ ಸಂಸ್ಥೆಯಲ್ಲಿ ಮೂರು ತಿಂಗಳು ಇದ್ದು ಕೆಲಸ ಕಲಿತರು. ಆಗ ಅವರಿಗೆ ಮೂವತ್ತೊಂದು ವರ್ಷ. 1853ರಲ್ಲಿ ಲಂಡನ್ನಿನ ಹಾರ್ಲಿ ಬೀದಿಯಲ್ಲಿ ಕಾಯಿಲೆಬಿದ್ದ ಮಹಿಳೆಯರಿಗಾಗಿ ಇದ್ದ ಪುಟ್ಟ ಆಸ್ಪತ್ರೆಯ ಮೇಲ್ವಿಚಾರಣೆ ವಹಿಸಿಕೊಂಡರು.

ಮರುವರ್ಷ ಕ್ರಿಮಿಯಾ ಯುದ್ಧ ಬಂತು. ಯುದ್ಧ ಖಾತೆಯ ಕಾರ್ಯದರ್ಶಿ ಸಿಡ್ನಿ ಹರ್ಬರ್ಟ್ ಅವರ ಕೋರಿಕೆಯ ಮೇರೆಗೆ 38 ದಾದಿಯರೊಡನೆ ನೈಟಿಂಗೇಲ್ 1854ರ ನವೆಂಬರ್ 4ರಂದು ಟರ್ಕಿಯ ಸ್ಕುಟಾರಿಯ ಸೈನಿಕ ಆಸ್ಪತ್ರೆ ತಲುಪಿದರು. ಸೋಪು, ಬಟ್ಟೆ, ಪಾತ್ರೆಗಳೂ ಇಲ್ಲದ ಆ ಕಟ್ಟಡದಲ್ಲಿ ಅಡುಗೆಮನೆ, ಬಟ್ಟೆ ಒಗೆಯುವ ಏರ್ಪಾಡು, ದಾಸ್ತಾನು ಎಲ್ಲವನ್ನೂ ಕಟ್ಟಿದರು. ರಾತ್ರಿ ದೀಪ ಹಿಡಿದು ಸುತ್ತಾಡಿದ್ದೂ ನಿಜ. ಆದರೆ ಆ ಚಳಿಗಾಲದಲ್ಲಿ ಸಾವು ನಿಲ್ಲಲಿಲ್ಲ. 1855ರ ಫೆಬ್ರುವರಿಯಲ್ಲಿ ಸಾವಿನ ಪ್ರಮಾಣ ಶೇಕಡಾ 42ನ್ನು ಮುಟ್ಟಿತು. ಮಾರ್ಚ್‌ನಲ್ಲಿ ಸರ್ಕಾರ ಕಳಿಸಿದ ನೈರ್ಮಲ್ಯ ಆಯೋಗ ಕಟ್ಟಡದ ಅಡಿಯಲ್ಲಿ ಕಟ್ಟಿಕೊಂಡಿದ್ದ ಚರಂಡಿಗಳನ್ನು ತೊಳೆಸಿತು, ಗಾಳಿಯಾಡಲು ದಾರಿ ಮಾಡಿತು, ನೀರಿನ ಮೂಲವನ್ನು ಶುದ್ಧಗೊಳಿಸಿತು. ಜೂನ್ ಹೊತ್ತಿಗೆ ಸಾವಿನ ಪ್ರಮಾಣ ಶೇಕಡಾ 2ರ ಆಸುಪಾಸಿಗೆ ಇಳಿದಿತ್ತು.

ಇಂಗ್ಲೆಂಡಿಗೆ ಮರಳಿದಾಗ ಅವರು ರಾಷ್ಟ್ರನಾಯಕಿ. ಜನ ಮೆರವಣಿಗೆಗೆ ಕಾದಿದ್ದರು. ಆಕೆ ಹೆಸರು ಮರೆಸಿಕೊಂಡು ಮನೆ ಸೇರಿದರು. ಆ ಬಳಿಕ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಅವರೊಡನೆ ಕುಳಿತು ಯುದ್ಧದ ಸಾವುಗಳ ಲೆಕ್ಕ ತೆಗೆದರು. ಗಾಯಗಳಿಂದ ಸತ್ತವರಿಗಿಂತ ತಡೆಯಬಹುದಾಗಿದ್ದ ರೋಗಗಳಿಂದ ಸತ್ತವರೇ ಬಹುಪಾಲು ಎಂಬುದು ಆ ಲೆಕ್ಕದಿಂದ ಖಚಿತವಾಯಿತು. ಅದನ್ನು ಮಂತ್ರಿಗಳ ಕಣ್ಣಿಗೆ ಕಾಣಿಸಲು ಬಣ್ಣದ ವೃತ್ತಾಕಾರದ ನಕ್ಷೆಗಳನ್ನು ರಚಿಸಿದರು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘ ಆಕೆಯನ್ನು ತನ್ನ ಮೊದಲ ಮಹಿಳಾ ಸದಸ್ಯೆಯನ್ನಾಗಿ ಆರಿಸಿಕೊಂಡಿತು. ಒಳ್ಳೆಯ ಮನಸ್ಸಿನಿಂದ ಮಾಡಿದ ಆರೈಕೆಯೂ ಸರಿಯಾದ ಜ್ಞಾನವಿಲ್ಲದಿದ್ದರೆ ಜೀವ ಉಳಿಸಲಾರದು ಎಂಬ ಕಠೋರ ಪಾಠವನ್ನು ಸ್ಕುಟಾರಿಯ ಅಂಕಿಗಳು ಹೇಳುತ್ತಿದ್ದವು.

ಸಾರ್ವಜನಿಕರು ಆಕೆಯ ಗೌರವಾರ್ಥ ಸಂಗ್ರಹಿಸಿದ ನಿಧಿ ಸುಮಾರು 45 ಸಾವಿರ ಪೌಂಡ್‌ನಷ್ಟಿತ್ತು. ಅದರ ಬಲದಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ತರಬೇತಿ ಶಾಲೆ ಆರಂಭವಾಯಿತು. ಮೊದಲ ತಂಡದಲ್ಲಿ 15 ಮಂದಿ. ಒಂದು ವರ್ಷದ ತರಬೇತಿ, ಊಟ, ವಸತಿ, ಸಮವಸ್ತ್ರ, ಜೊತೆಗೆ ಸಣ್ಣ ಭತ್ಯೆ. ಅಲ್ಲಿ ಪ್ರತಿಯೊಬ್ಬಳ ಹೆಸರಿನಲ್ಲೂ ತಿಂಗಳಿಗೊಂದು ಹಾಳೆ ಇತ್ತು. ಸಮಯಪಾಲನೆ, ಶುಚಿತ್ವ, ನಂಬಿಕೆಗೆ ಅರ್ಹತೆ ಒಂದು ಕಡೆ. ಗಾಯಕ್ಕೆ ಪಟ್ಟಿ ಕಟ್ಟುವುದು, ಹಾಸಿಗೆ ಸಿದ್ಧಪಡಿಸುವುದು, ರೋಗಿಯ ಆಹಾರ ತಯಾರಿಸುವುದು, ಕೊಠಡಿಗೆ ಗಾಳಿ ಬರುವಂತೆ ನೋಡಿಕೊಳ್ಳುವುದು, ಉಸಿರು, ನಾಡಿ, ಹಸಿವು, ನಿದ್ರೆಗಳನ್ನು ಗಮನಿಸುವುದು ಇನ್ನೊಂದು ಕಡೆ. ಇಂದು ನಾವು ಕ್ಲಿನಿಕಲ್ ಕೌಶಲ ಎಂದು ಕರೆಯುವುದನ್ನು ಬಿಡಿಬಿಡಿಯಾಗಿ ಗುರುತಿಸಿ ಅಳೆಯುವ ಪ್ರಯತ್ನ ಅದು.

ಕಥೆ ಇಲ್ಲಿಗೇ ಮುಗಿದಿದ್ದರೆ ಅದು ಇನ್ನೊಂದು ಸಂಸ್ಥೆಯ ಸ್ಥಾಪನೆಯ ಕಥೆಯಾಗುತ್ತಿತ್ತು. ಆಡಳಿತದಲ್ಲಿದ್ದವನಾಗಿ ನನ್ನನ್ನು ಹೆಚ್ಚು ಸೆಳೆಯುವುದು ಮುಂದಿನ ಅಧ್ಯಾಯ. 1857ರಿಂದಲೇ ಕ್ರಿಮಿಯಾದಲ್ಲಿ ತಗುಲಿದ ಕಾಯಿಲೆಯ ಕಾರಣ ನೈಟಿಂಗೇಲ್ ಬಹುಮಟ್ಟಿಗೆ ಕೋಣೆ ಬಿಟ್ಟು ಹೊರಬರುತ್ತಿರಲಿಲ್ಲ. ಸೈನ್ಯದ ಆರೋಗ್ಯ, ಭಾರತದ ನೈರ್ಮಲ್ಯ ಮೊದಲಾದ ಕೆಲಸಗಳು ಅವರ ಸಮಯ ತೆಗೆದುಕೊಂಡಿದ್ದವು. ಶಾಲೆಯ ಕೀರ್ತಿ ಲೋಕದಾದ್ಯಂತ ಹಬ್ಬಿತ್ತು. 1865ರಲ್ಲಿ ಆಗ್ನೆಸ್ ಜೋನ್ಸ್ ಲಿವರ್‌ಪೂಲ್‌ನ ಬಡವರ ಆಸ್ಪತ್ರೆಗೆ ಹೋದರು. 1868ರಲ್ಲಿ ಲೂಸಿ ಆಸ್ಬರ್ನ್ ತಂಡ ಸಿಡ್ನಿಗೆ ಹೋಯಿತು. ಆದರೆ 1872ರ ಸುಮಾರಿಗೆ ನೈಟಿಂಗೇಲ್ ಒಳಹೊಕ್ಕು ವಿಚಾರಿಸಿದಾಗ ಬೇರೆಯೇ ಚಿತ್ರ ಕಂಡಿತು. ಪಾಠ ಹೇಳಬೇಕಾಗಿದ್ದ ವೈದ್ಯಾಧಿಕಾರಿ ಪಾಠಗಳನ್ನೇ ಕೈಬಿಟ್ಟಿದ್ದರು. ಕಲಿಯಲು ಬಂದ ಹುಡುಗಿಯರು ವಾರ್ಡುಗಳಲ್ಲಿ ಅಗ್ಗದ ಕೆಲಸದಾಳುಗಳಾಗಿದ್ದರು. ಹೊರಗೆ ಮಾದರಿಯೆಂದು ಹೊಗಳಿಸಿಕೊಳ್ಳುತ್ತಿದ್ದ ಶಾಲೆಯಲ್ಲಿ ತರಬೇತಿ ಬಹುಮಟ್ಟಿಗೆ ಕಾಗದದ ಮೇಲಿತ್ತು.

ಇಂಥ ಸಂದರ್ಭದಲ್ಲಿ ಸಂಸ್ಥೆಯ ಹೆಸರು ಕಾಪಾಡಲು ವರದಿಯನ್ನು ಕಪಾಟಿನಲ್ಲಿಡುವುದು ಸರ್ವೇಸಾಮಾನ್ಯ. ಶಾಲೆಗೆ ತಮ್ಮದೇ ಹೆಸರಿದ್ದರೂ ನೈಟಿಂಗೇಲ್ ಹಾಗೆ ಮಾಡಲಿಲ್ಲ. ವಿದ್ಯಾರ್ಥಿನಿಯರನ್ನು ಒಬ್ಬೊಬ್ಬರಾಗಿ ತಮ್ಮ ಮನೆಗೆ ಕರೆಸಿ ಏನು ಕಲಿತಿರಿ, ಯಾರು ಕಲಿಸಿದರು ಎಂದು ವಿಚಾರಿಸಿ ಟಿಪ್ಪಣಿ ಬರೆದುಕೊಂಡರು. ಪಾಠಕ್ಕೆ ಹೊಸ ಶಸ್ತ್ರವೈದ್ಯರ ನೇಮಕವಾಯಿತು. ವಸತಿಗೃಹದಲ್ಲಿದ್ದುಕೊಂಡೇ ಓದಿಸುವ, ಪಾಠವನ್ನು ಮನನ ಮಾಡಿಸುವ ಹಿರಿಯ ಸಿಸ್ಟರ್ ಒಬ್ಬರ ಹುದ್ದೆ ಸೃಷ್ಟಿಯಾಯಿತು. ಆ ವರ್ಷದಿಂದಲೇ ಶಾಲೆಯ ದಾದಿಯರಿಗೆ ಸುದೀರ್ಘ ಪತ್ರ ಬರೆಯುವ ಪರಿಪಾಠ ಇಟ್ಟುಕೊಂಡರು. ನಡುವೆ ಕೆಲವು ವರ್ಷ ಬಿಟ್ಟುಹೋದರೂ ಅದು 1900ರವರೆಗೆ ಸಾಗಿತು. ತಾನು ಪೂರ್ಣ ಕಲಿತೆನೆಂದು ಭಾವಿಸಿದ ದಾದಿ ಆ ಕ್ಷಣದಿಂದಲೇ ಹಿಂದೆ ಬೀಳುತ್ತಾಳೆ ಎಂಬುದು ಆ ಪತ್ರಗಳ ತಿರುಳು. ವೈದ್ಯಕೀಯ ಇಷ್ಟು ವೇಗವಾಗಿ ಬದಲಾಗುತ್ತಿರುವಾಗ ಐದು ಅಥವಾ ಹತ್ತು ವರ್ಷಕ್ಕೊಮ್ಮೆ ಎರಡನೆಯ ತರಬೇತಿ ಅಗತ್ಯವೆಂದೂ ಅವರು ಪ್ರತಿಪಾದಿಸಿದರು.

ಈ ಮಾತಿಗೆ ಅವರೇ ನಿದರ್ಶನವಾಗಿದ್ದರು. ರೋಗವು ಕೊಳಕು ಗಾಳಿಯಿಂದ ಹುಟ್ಟುತ್ತದೆಂದು ಬಹುಕಾಲ ನಂಬಿದ್ದ ಅವರು ಸೂಕ್ಷ್ಮಾಣು ಸಿದ್ಧಾಂತವನ್ನು ತಡವಾಗಿ ಒಪ್ಪಿದರು. ಆದರೆ 1880ರ ದಶಕದಲ್ಲಿ ಕೈ, ಉಪಕರಣಗಳನ್ನು ಸೋಂಕು ನಿವಾರಕಗಳಿಂದ ಶುದ್ಧವಾಗಿಡುವ ವಿಧಾನವನ್ನು ದಾದಿಯರ ಪಾಠದಲ್ಲಿ ಸೇರಿಸಲು ಹಿಂಜರಿಯಲಿಲ್ಲ. ಅರವತ್ತು ದಾಟಿದ ಮೇಲೆ ತಮ್ಮದೇ ನಂಬಿಕೆಯನ್ನು ತಿದ್ದಿಕೊಳ್ಳುವುದು ಸುಲಭವಲ್ಲ.

ಭಾರತಕ್ಕೆ ಅವರು ಎಂದೂ ಬರಲಿಲ್ಲ. ಆದರೂ ಇಲ್ಲಿನ ಸೈನಿಕ ನೆಲೆಗಳ ಆರೋಗ್ಯವನ್ನು ಕುರಿತ ರಾಜ ಆಯೋಗಕ್ಕಾಗಿ ಪ್ರಶ್ನಾವಳಿ ಸಿದ್ಧಪಡಿಸಿ, ನೆಲೆನೆಲೆಗಳಿಂದ ಬಂದ ಉತ್ತರಗಳನ್ನು ವಿಶ್ಲೇಷಿಸಿದರು. 1863ರ ವರದಿಯ ಪ್ರಕಾರ ಬ್ರಿಟಿಷ್ ಸೈನಿಕರ ಸಾವು ವರ್ಷಕ್ಕೆ ಸಾವಿರಕ್ಕೆ 69 ಇತ್ತು. ಹತ್ತು ವರ್ಷಗಳ ನಂತರ ಅದು 18ಕ್ಕೆ ಇಳಿದಿತ್ತು. ಬೆಂಗಳೂರು ದಂಡಿನವರು ಕುಡಿಯುವ ಹಲಸೂರು ಕೆರೆಗೆ ಪೇಟೆಯ ಕೊಳಚೆ ಹರಿಯುತ್ತಿದೆ ಎಂಬ ಸಂಗತಿಯೂ ಆ ಟಿಪ್ಪಣಿಗಳಲ್ಲಿ ದಾಖಲಾಗಿದೆ. ಭಾರತದ ಆಸ್ಪತ್ರೆಗಳಿಗೆ ಶುಶ್ರೂಷಾ ವ್ಯವಸ್ಥೆಯೊಂದನ್ನು 1865ರಲ್ಲೇ ಸೂಚಿಸಿದ್ದರು. ತರಬೇತಾದ ದಾದಿಯರ ಮೊದಲ ತಂಡ ಇಲ್ಲಿನ ಸೈನಿಕ ಆಸ್ಪತ್ರೆಗಳಿಗೆ ಬಂದದ್ದು 1888ರಲ್ಲಿ. ಕಡತ ನಿಧಾನವಾಗಿ ಸಾಗುವ ಪರಂಪರೆ ನಮ್ಮಲ್ಲಿ ಹಳೆಯದು.

ಅವರ ಕೊನೆಯ ದೊಡ್ಡ ಹೋರಾಟ ವಿಚಿತ್ರವಾದದ್ದು. 1887ರಲ್ಲಿ ಎಥೆಲ್ ಬೆಡ್‌ಫರ್ಡ್ ಫೆನ್ವಿಕ್ ನೇತೃತ್ವದ ದಾದಿಯರ ಸಂಘ, ವೈದ್ಯರಂತೆ ದಾದಿಯರಿಗೂ ಪರೀಕ್ಷೆ ಮತ್ತು ನೋಂದಣಿ ಬೇಕೆಂದು ಒತ್ತಾಯಿಸಿತು. ನೈಟಿಂಗೇಲ್ ಅದನ್ನು ತೀವ್ರವಾಗಿ ವಿರೋಧಿಸಿದರು. ಲಿಖಿತ ಪರೀಕ್ಷೆ ನೆನಪನ್ನು ಅಳೆಯುತ್ತದೆ, ಕೈಗುಣವನ್ನೂ ನಡತೆಯನ್ನೂ ಅಳೆಯದು. ಒಮ್ಮೆ ಪಟ್ಟಿಯಲ್ಲಿ ಸೇರಿದ ಹೆಸರು ಕೌಶಲ ಕುಂದಿದ ಮೇಲೂ ಅಲ್ಲೇ ಉಳಿಯುತ್ತದೆ ಎಂಬುದು ಅವರ ಆಕ್ಷೇಪ. ಫೆನ್ವಿಕ್ ಅವರ ವಾದದಲ್ಲೂ ಬಲವಿತ್ತು. ನೋಂದಣಿ ಇಲ್ಲದಿದ್ದರೆ ಏನೂ ಕಲಿಯದವರು ದಾದಿಯೆಂದು ಹೇಳಿಕೊಂಡು ರೋಗಿಯ ಮನೆ ಸೇರುವುದನ್ನು ತಡೆಯುವವರಾರು? ಇತಿಹಾಸ ಫೆನ್ವಿಕ್ ಪರ ನಿಂತಿತು. ಬ್ರಿಟನ್ನಿನಲ್ಲಿ 1919ರಲ್ಲಿ ನೋಂದಣಿ ಕಾಯ್ದೆ ಬಂತು. ನನ್ನ ಅಭಿಪ್ರಾಯದಲ್ಲಿ ಕಾನೂನಿನ ಪ್ರಶ್ನೆಯಲ್ಲಿ ಫೆನ್ವಿಕ್ ಸರಿ, ಎಚ್ಚರಿಕೆಯ ವಿಷಯದಲ್ಲಿ ನೈಟಿಂಗೇಲ್ ಸರಿ.

1907ರಲ್ಲಿ ಆರ್ಡರ್ ಆಫ್ ಮೆರಿಟ್ ಪಡೆದ ಮೊದಲ ಮಹಿಳೆಯಾದ ಅವರು 1910ರ ಆಗಸ್ಟ್ 13ರಂದು, ತೊಂಬತ್ತನೆಯ ವಯಸ್ಸಿನಲ್ಲಿ ನಿಧನರಾದರು. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿ ಮಾಡುವ ಪ್ರಸ್ತಾಪವನ್ನು ಕುಟುಂಬ ಒಪ್ಪಲಿಲ್ಲ. ಈಸ್ಟ್ ವೆಲ್ಲೋ ಎಂಬ ಹಳ್ಳಿಯ ಚರ್ಚಿನ ಅಂಗಳದ ಸಮಾಧಿಯ ಮೇಲೆ ಆಕೆಗೆ ಸಂದಿರುವುದು ಹೆಸರಿನ ಎರಡು ಅಕ್ಷರ, ಹುಟ್ಟಿದ ಮತ್ತು ಗತಿಸಿದ ದಿನಾಂಕಗಳು ಮಾತ್ರ.

ಆ ಎಚ್ಚರಿಕೆ ನಮಗೇಕೆ ಮುಖ್ಯ? ಒಂದು ಉದಾಹರಣೆ ಸಾಕು. ಹೃದಯ ಸ್ತಂಭನವಾದವರಿಗೆ ಮೊದಲು ಉಸಿರಿನ ದಾರಿ ತೆರವುಗೊಳಿಸಿ, ಉಸಿರು ಕೊಟ್ಟು, ಆಮೇಲೆ ಎದೆ ಒತ್ತಬೇಕೆಂದು ದಶಕಗಳ ಕಾಲ ಕಲಿಸಲಾಗುತ್ತಿತ್ತು. 2010ರಲ್ಲಿ ಅಮೆರಿಕದ ಹೃದ್ರೋಗ ಸಂಘ ವಯಸ್ಕರ ವಿಷಯದಲ್ಲಿ ಆ ಕ್ರಮವನ್ನು ಬದಲಿಸಿ, ಎದೆ ಒತ್ತುವುದೇ ಮೊದಲು ಎಂದು ಮಾಡಿತು. 2005ರಲ್ಲಿ ಪದವಿ ಪಡೆದು ಮತ್ತೆ ಕಲಿಯುವ ಅವಕಾಶವೇ ಸಿಗದ ಶುಶ್ರೂಷಕಿ ಎಷ್ಟು ಶ್ರದ್ಧಾವಂತಳಾಗಿದ್ದರೂ ಹಳೆಯ ಕ್ರಮವನ್ನೇ ಅನುಸರಿಸುತ್ತಾಳೆ. ಅಲ್ಲಿ ಕಳೆಯುವ ಕ್ಷಣಗಳು ರೋಗಿಯವು. ಇದರಲ್ಲಿ ಆಕೆಯ ತಪ್ಪಿಲ್ಲ, ಕಲಿಸದ ವ್ಯವಸ್ಥೆಯದು.

ಭಾರತದಲ್ಲಿ 1947ರ ಶುಶ್ರೂಷಾ ಪರಿಷತ್ ಕಾಯ್ದೆಯ ಬದಲಿಗೆ ಹೊಸ ರಾಷ್ಟ್ರೀಯ ಆಯೋಗ ರಚಿಸುವ ಕಾಯ್ದೆಯನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿತು. ನೋಂದಣಿ ನವೀಕರಣವನ್ನು ನಿರಂತರ ಕಲಿಕೆಗೆ ಜೋಡಿಸುವ ವಿಚಾರ ನಮ್ಮಲ್ಲಿ ಹೊಸದೇನಲ್ಲ. ನನ್ನ ಭಯ ಒಂದೇ: ಅದು ಗಂಟೆಗಳ ಲೆಕ್ಕವಾಗಿ, ಸಭಾಂಗಣದ ಉಪನ್ಯಾಸ ಮತ್ತು ಪ್ರಮಾಣಪತ್ರಗಳಲ್ಲಿ ಕೊನೆಗೊಳ್ಳಬಾರದು. ಸೂಜಿ ಚುಚ್ಚುವುದು, ಔಷಧದ ಪ್ರಮಾಣ ಲೆಕ್ಕ ಹಾಕುವುದು, ರೋಗಿಯ ಉಸಿರಾಟ ಏರುಪೇರಾಗುವುದನ್ನು ಮೊದಲೇ ಗುರುತಿಸುವುದು, ಹಾಸಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸುವುದು ಉಪನ್ಯಾಸದಿಂದ ಬರುವ ವಿದ್ಯೆಯಲ್ಲ.

ಹೆಚ್ಚು ನರ್ಸಿಂಗ್ ಕಾಲೇಜುಗಳಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಇಲ್ಲಿ ಮಾಡಬೇಕಾದದ್ದು ದುಬಾರಿಯೂ ಅಲ್ಲ. ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ವಾರ್ಡಿನಲ್ಲೇ ನಿಂತು ಕಲಿಸುವ ಹಿರಿಯ ಶುಶ್ರೂಷಕಿಯೊಬ್ಬರನ್ನು ಆಡಳಿತದ ಕಾಗದಪತ್ರಗಳಿಂದ ಮುಕ್ತಗೊಳಿಸಬೇಕು. ಕಲಿಕೆಯ ಸಮಯವನ್ನು ರಾತ್ರಿ ಪಾಳಿ ಮುಗಿಸಿದವಳ ನಿದ್ರೆಯಿಂದ ಕದಿಯದೆ ಕರ್ತವ್ಯದ ಅವಧಿಯೆಂದೇ ಪರಿಗಣಿಸಬೇಕು. ಅದಕ್ಕಾಗಿ ಖಾಲಿ ಹುದ್ದೆಗಳನ್ನು ತುಂಬಬೇಕು. ತರಬೇತಿಯಾದ ಆರು ತಿಂಗಳ ಬಳಿಕ ಮಂಚದ ಬಳಿ ಮತ್ತೆ ನೋಡಿ ದಾಖಲಿಸಬೇಕು. ಹಣಕಾಸು ಇಲಾಖೆ ಇದನ್ನು ವೆಚ್ಚವೆಂದು ಕರೆಯಬಹುದು. ಒಂದು ಸೋಂಕು ತಪ್ಪಿದರೆ ಬಡ ಕುಟುಂಬವೊಂದಕ್ಕೆ ಉಳಿಯುವ ಆಸ್ಪತ್ರೆಯ ದಿನಗಳನ್ನೂ, ಕೂಲಿಯನ್ನೂ ಅದೇ ಲೆಕ್ಕಪುಸ್ತಕದ ಎದುರು ಬದಿಯಲ್ಲಿ ಬರೆದು ನೋಡಲಿ.