ಗಣಿತಸಾರ ಸಂಗ್ರಹದ ಮಹಾವೀರಾಚಾರ್ಯರು

ಕನ್ನಡ ನಾಡಿನ ಗಣಿತಜ್ಞರಲ್ಲಿ ಅಗ್ರಗಣ್ಯರಾದ ಮಹಾವೀರಾಚಾರ್ಯರು ಕ್ರಿ.ಶ. 9ನೆಯ ಶತಮಾನದ ಜೈನ ವಿದ್ವಾಂಸರು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಸುಮಾರು 850ರಲ್ಲಿ, ಅವರು ‘ಗಣಿತಸಾರ ಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದರು. ಗ್ರಂಥಾರಂಭದಲ್ಲಿ ದೊರೆಯನ್ನು ಮನಸಾರೆ ಹೊಗಳಿದ ಈ ಮಹನೀಯರು ತಮ್ಮ ಊರು, ಮನೆತನಗಳನ್ನು ಕುರಿತು ಏನನ್ನೂ ಬರೆದುಕೊಳ್ಳಲಿಲ್ಲ. ಗ್ರಂಥವೇ ಅವರ ಚರಿತ್ರೆ.

ಕೋರಮಂಡಲ್, ಬಂಗಾರಪೇಟೆಗಳನ್ನೊಳಗೊಂಡ ನಮ್ಮ ಸೀಮೆಗೂ ಆ ಕಾಲಕ್ಕೂ ನಂಟುಂಟು. ಗಂಗರ ಮೊದಲ ರಾಜಧಾನಿ ಕೋಲಾರ. ಅದೇ ಗಂಗ ಮನೆತನದ ಬೂತುಗನಿಗೆ ಅಮೋಘವರ್ಷನು ತನ್ನ ಮಗಳನ್ನು ಧಾರೆಯೆರೆದನು.

ಆಚಾರ್ಯರ ಬೋಧನಾಕೌಶಲಕ್ಕೆ ಒಂದು ಲೆಕ್ಕವೇ ಸಾಕ್ಷಿ. ಒಂಟೆಗಳ ಹಿಂಡಿನ ಕಾಲುಭಾಗ ಕಾಡಿನಲ್ಲಿದೆ. ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ಇಳಿಜಾರಿಗೆ ಹೋಗಿವೆ. ಉಳಿದ 15 ಹೊಳೆಯ ದಡದಲ್ಲಿವೆ. ಒಟ್ಟು ಎಷ್ಟು? ವರ್ಗಮೂಲವನ್ನು ‘ಯ’ ಎಂದಿಟ್ಟು, ಉಳಿದ ಮುಕ್ಕಾಲು ಭಾಗದಿಂದ ಭಾಗಿಸಿದರೆ ದೊರೆಯುವ ಸಮೀಕರಣ ಯ² − (8/3)ಯ = 20. ಆಚಾರ್ಯರ ಸೂತ್ರದಂತೆ 8/3ರ ಅರ್ಧವಾದ 4/3ನ್ನು ವರ್ಗಿಸಿ 20ಕ್ಕೆ ಕೂಡಬೇಕು; ಆಗ (ಯ − 4/3)² = 196/9. ಮೂಲ ತೆಗೆದರೆ ಯ = 4/3 + 14/3 = 6; ಒಂಟೆಗಳು 36.

ಇಂದು ಪ್ರೌಢಶಾಲೆಯಲ್ಲಿ ವರ್ಗವನ್ನು ಪೂರ್ಣಗೊಳಿಸುವ ಕ್ರಮವೆಂದು ಕಲಿಸುವುದು ಇದನ್ನೇ. 17ನೆಯ ಶತಮಾನದಲ್ಲಿ ಡೆಕಾರ್ಟೆಯಿಂದ ನಿರ್ದೇಶಾಂಕ ರೇಖಾಗಣಿತ ಬೆಳೆದ ಮೇಲೆ ಇದಕ್ಕೆ ಚಿತ್ರವೂ ದೊರೆಯಿತು. (ಯ − 4/3)² − 196/9 ಎಂಬ ಶೃಂಗರೂಪವನ್ನು ಕಂಡೊಡನೆಯೇ ಪರವಲಯದ ತಳಬಿಂದು ಎಲ್ಲಿದೆ, ಅದು ಅಕ್ಷಕ್ಕಿಂತ ಎಷ್ಟು ಕೆಳಗಿದೆ ಎಂಬುದು ತಿಳಿಯುತ್ತದೆ.

(ಯ − 3)² + 4 ಎಂಬುದಾದರೋ ಎಂದಿಗೂ ಸೊನ್ನೆಯಾಗದು. ಅದರ ತಳಬಿಂದು ಅಕ್ಷಕ್ಕಿಂತ ಮೇಲೆಯೇ ಉಳಿಯುತ್ತದೆ. ಋಣಸಂಖ್ಯೆಯು ಯಾವುದರ ವರ್ಗವೂ ಅಲ್ಲವಾದುದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಮಹಾವೀರಾಚಾರ್ಯರು ಅಂದೇ ಸ್ಪಷ್ಟಪಡಿಸಿದ್ದರು. ಉತ್ತರ ಹೇಳುವಷ್ಟೇ ಶ್ರದ್ಧೆಯಿಂದ ಉತ್ತರವಿಲ್ಲದ ಎಡೆಯನ್ನೂ ಗುರುತಿಸಿದುದು ಅವರ ಹಿರಿಮೆ. ಮುಂದೆ ಗಣಿತವು ಕಾಲ್ಪನಿಕ ಸಂಖ್ಯೆಗಳನ್ನು ಸ್ವೀಕರಿಸಿತಾದರೂ ವಾಸ್ತವ ಸಂಖ್ಯೆಗಳ ಮಟ್ಟಿಗೆ ಅವರ ಮಾತು ಇಂದಿಗೂ ಸತ್ಯ.

11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. 1912ರಲ್ಲಿ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು. ಅನ್ನದಾಸೋಹದೊಡನೆ ಜ್ಞಾನದಾಸೋಹವನ್ನೂ ವ್ರತವಾಗಿಸಿಕೊಂಡ ಮಠದ ವಿದ್ಯಾಸಂಸ್ಥೆಗೆ ಜ್ಞಾನಿಗಳಲ್ಲಿ ಮತಭೇದವಿಲ್ಲ. ಸೂತ್ರವನ್ನು ಬಾಯಿಪಾಠ ಮಾಡಿಸುವ ಮುನ್ನ ಅದರ ಕಾರಣವನ್ನು ತೋರಿಸಿಕೊಟ್ಟರೆ, ಉಪಾಧ್ಯಾಯರು ಈ ಆಚಾರ್ಯರ ಋಣವನ್ನು ತೀರಿಸಿದಂತಾಗುತ್ತದೆ.